ಫೋಟೋದ ಬೆನ್ನ ಬರಹ

ಮನೆಯ ಹಳೆಯ ಟ್ರಂಕಿನಿಂದ ಒಂದು ಫೋಟೋ ಕೈಗೆ ಬಂದರೆ ಮೊದಲು ನಾವು ಮುಖ ನೋಡುತ್ತೇವೆ. ಗುರುತು ಹತ್ತದಿದ್ದರೆ ಒಡನೆಯೇ ತಿರುಗಿಸಿ ಬೆನ್ನು ನೋಡುತ್ತೇವೆ. ಅಲ್ಲಿ ಹಿರಿಯರಾರೋ ಸೀಸದಕಡ್ಡಿಯಿಂದ ಊರು, ತಾರೀಖು, ಕುಳಿತವರ ನಿಂತವರ ಹೆಸರು ಬರೆದಿಟ್ಟಿದ್ದರೆ ಪಟಕ್ಕೆ ಜೀವ ಬರುತ್ತದೆ. ಇಲ್ಲವಾದರೆ ಅದು ಪೇಟ ಸುತ್ತಿದ ಯಾರೋ ಮಹನೀಯರ ಚಿತ್ರ, ಅಷ್ಟೆ. ಡಿಜಿಟಲ್ ಫೋಟೋ ಬಂದಾಗ ಈ ಬೆನ್ನೇ ಇಲ್ಲವಾಯಿತು. ಕಂಪ್ಯೂಟರಿನಲ್ಲಿ ಚಿತ್ರಗಳನ್ನು ನೋಡಿ ಜೋಡಿಸುವ ತಂತ್ರಾಂಶಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಬೆನ್ನನ್ನು ಮತ್ತೆ ಹುಡುಕಿಕೊಂಡ ಚರಿತ್ರೆಯೇ.

ಮೊದಮೊದಲು ಅದರ ಅಗತ್ಯವೇ ತೋರಲಿಲ್ಲ. 1975ರಲ್ಲಿ ಅಮೆರಿಕದ ರೋಚೆಸ್ಟರಿನ ಕೊಡಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಇಂಜಿನಿಯರು ಕಟ್ಟಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಒಂದು ಟೇಪಿಗೆ 30 ಚಿತ್ರ. ಅಷ್ಟಕ್ಕೆ ಗುಮಾಸ್ತನೇಕೆ? 1992ರಲ್ಲಿ ಜೆಪೆಗ್ ಎಂಬ ಕುಗ್ಗಿಸುವ ಕ್ರಮ ನಿಯಮವಾಗಿ ನಿಂತು, ಕ್ಯಾಮೆರಾ ಅಗ್ಗವಾದ ಮೇಲೆ ಕಷ್ಟ ಮೊದಲಾಯಿತು. 1998ರಲ್ಲಿ ಜಪಾನಿನ ತಯಾರಕರು ಒಪ್ಪಿಕೊಂಡ ನಿಯಮದಂತೆ ಪ್ರತಿ ಚಿತ್ರದ ಹೆಸರಿಗೆ ಎಂಟು ಅಕ್ಷರ, ಅವುಗಳಲ್ಲಿ ಕೊನೆಯ ನಾಲ್ಕು ಅಂಕಿ. 9999 ಮುಗಿದರೆ ಮತ್ತೆ 0001. ಮಗಳ ಮದುವೆಗೂ ಮೊಮ್ಮಗನ ನಾಮಕರಣಕ್ಕೂ ಒಂದೇ ಹೆಸರು ಬೀಳಬಹುದು. ಎರಡನ್ನೂ ಒಂದೇ ಫೋಲ್ಡರಿಗೆ ತುಂಬುವಾಗ ಮೈಮರೆತರೆ ಒಂದು ಇನ್ನೊಂದನ್ನು ನುಂಗಿಬಿಡುತ್ತದೆ.

1994ರಲ್ಲಿ ಎಸಿಡಿಸೀ ಬಂತು. 1996ರಲ್ಲಿ, ಬೋಸ್ನಿಯದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಓದಿದ ಇರ್ಫಾನ್ ಸ್ಕಿಲ್ಯಾನ್ ತಮ್ಮ ಹೆಸರನ್ನೇ ಇಟ್ಟು ಇರ್ಫಾನ್‌ವ್ಯೂ ಹೊರತಂದರು. ಮನೆಬಳಕೆಗೆ ಅದು ಉಚಿತ. ಗಾತ್ರದಲ್ಲಿ ಪುಟ್ಟದು, ಕೆಲಸದಲ್ಲಿ ಚುರುಕು. ನೂರು ಚಿತ್ರಗಳನ್ನು ಒಟ್ಟಿಗೆ ಆರಿಸಿ, ತೆಗೆದ ದಿನ ಮತ್ತು ಗಳಿಗೆಯನ್ನೇ ಹೆಸರಾಗಿ ಕೊಡುವುದು, ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಚಿಕ್ಕದು ಮಾಡುವುದು ಅದಕ್ಕೆ ಲೀಲೆ. ಅಡ್ಡಬಿದ್ದ ಚಿತ್ರವನ್ನು ನಿಲ್ಲಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಜೆಪೆಗ್ ಚಿತ್ರವನ್ನು ಉದ್ದಗಲ 8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಬಿಚ್ಚಿ, ತಿರುಗಿಸಿ, ಮತ್ತೆ ಕುಗ್ಗಿಸಿದರೆ ಪ್ರತಿಸಲವೂ ಅಷ್ಟಷ್ಟು ಸವೆತ. ಬಲ್ಲ ತಂತ್ರಾಂಶ ಕುಗ್ಗಿಸಿದ ಚೌಕಗಳನ್ನೇ ತಿರುಗಿಸಿ ಜೋಡಿಸುತ್ತದೆ, ಚಿತ್ರ ಮಾಸುವುದಿಲ್ಲ.

ದಿನ ಮತ್ತು ಗಳಿಗೆ ಅದಕ್ಕೆ ತಿಳಿದದ್ದು ಹೇಗೆ? ಬೆನ್ನು ಸಿಕ್ಕಿದ್ದು ಇಲ್ಲಿಯೇ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಕ್ರಮದಲ್ಲಿ ಕ್ಯಾಮೆರಾ ತಾನೇ ವೇಳೆ, ಮಸೂರ, ಬೆಳಕಿನ ಲೆಕ್ಕಗಳನ್ನು ಚಿತ್ರದೊಳಗೆ ಬರೆಯುತ್ತದೆ; ಜೊತೆಗೆ ಅಂಚೆಚೀಟಿಯಂಥ ಒಂದು ಕಿರುಪ್ರತಿಯನ್ನೂ ಅಡಗಿಸಿಡಬಲ್ಲುದು. ಈ ಕಿರುಪ್ರತಿಯನ್ನಷ್ಟೇ ಓದಿದರೆ ಸಾವಿರ ಚಿತ್ರಗಳ ಫೋಲ್ಡರನ್ನೂ ಕಣ್ಣಾಡಿಸಬಹುದು. ಆದರೆ ಚಿತ್ರದಲ್ಲಿರುವವರು ಯಾರು? ಅದನ್ನು ಕ್ಯಾಮೆರಾ ಅರಿಯದು. ಆ ಜಾಗವನ್ನು ತುಂಬಿದವರು ನಮ್ಮ ಪತ್ರಿಕಾ ಬಂಧುಗಳೇ. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪತ್ರಿಕಾ ದೂರಸಂಪರ್ಕ ಮಂಡಳಿಯು ಸುದ್ದಿಚಿತ್ರದೊಡನೆ ಅಡಿಬರಹ, ಊರು, ಛಾಯಾಗ್ರಾಹಕನ ಹೆಸರು ಪಯಣಿಸುವ ಕ್ರಮವನ್ನು 1990ರ ದಶಕದಲ್ಲಿ ಬಳಕೆಗೆ ತಂದಿತು.

2002ರಲ್ಲಿ ಬಂದು 2004ರಲ್ಲಿ ಗೂಗಲ್ ಕೈಸೇರಿದ ಪಿಕಾಸಾ ಈ ವಿದ್ಯೆಯನ್ನು ಮನೆಮನೆಗೆ ತಂದಿತು. ಕಂಪ್ಯೂಟರನ್ನೆಲ್ಲ ತಡಕಿ ಚಿತ್ರಗಳನ್ನು ಕಾಲಕ್ರಮದಲ್ಲಿ ಹರಡುತ್ತಿತ್ತು; 2009ರಿಂದ ಮುಖಗಳನ್ನು ಗುಂಪು ಮಾಡಿ ‘ಇವರಾರು?’ ಎಂಬಂತೆ ಹೆಸರು ಕೇಳತೊಡಗಿತು. ಜನ ಸಂಜೆಗಟ್ಟಲೆ ಕುಳಿತು ಸೋದರತ್ತೆ, ದೊಡ್ಡಪ್ಪಂದಿರ ಹೆಸರು ತುಂಬಿದರು. 2016ರ ಮಾರ್ಚಿಯಲ್ಲಿ ಗೂಗಲ್ ಅದಕ್ಕೆ ತನ್ನ ಬೆಂಬಲವನ್ನು ನಿಲ್ಲಿಸಿತು.

ಆಗ ತಿಳಿದುಬಂತು, ಯಾರ ದುಡಿಮೆ ಎಲ್ಲಿತ್ತೆಂದು. ಪಿಕಾಸಾದಲ್ಲಿ ಜೆಪೆಗ್ ಚಿತ್ರದ ಅಡಿಬರಹ ಚಿತ್ರದೊಳಗೇ, ಪತ್ರಿಕೆಯವರ ಕ್ರಮದಲ್ಲಿ ಸೇರುತ್ತಿತ್ತು. ಅದು ಉಳಿಯಿತು, ಬೇರೆ ತಂತ್ರಾಂಶಗಳೂ ಅದನ್ನು ಓದಬಲ್ಲವು. ಆಲ್ಬಮುಗಳ ಜೋಡಣೆ ಮಾತ್ರ ಪಿಕಾಸಾದ ಸ್ವಂತ ಕಡತಗಳಲ್ಲಿತ್ತು. ಬೇರೆಯವಕ್ಕೆ ಅದರ ಪರಿಚಯವಿಲ್ಲ. ಮುಖಗಳ ಹೆಸರನ್ನು ಚಿತ್ರದೊಳಗೆ ಬರೆಯುವ ಅನುಕೂಲವು ಕೊನೆಯ ಆವೃತ್ತಿಗಳಲ್ಲಿ ಇತ್ತಾದರೂ ಅದನ್ನು ನಾವೇ ಹುಡುಕಿ ಆರಿಸಬೇಕಾಗಿತ್ತು. ಆರಿಸಿದವರ ಸೋದರತ್ತೆ ಹೊಸ ಯಂತ್ರಕ್ಕೂ ಹೆಸರಿನೊಡನೆ ಬಂದರು. ಉಳಿದವರ ಮನೆಯಲ್ಲಿ ಚಿತ್ರಗಳೆಲ್ಲ ಕ್ಷೇಮ. ಮುಖಕ್ಕೆ ಮಾತ್ರ ಹೆಸರಿಲ್ಲ.