ಔಷಧಪ್ರಯೋಗವೂ ರೋಗಿಯ ಸಮ್ಮತಿಯೂ

ಒಂದೇ ಹೈದರಾಬಾದು ಸಂಸ್ಥಾನದಲ್ಲಿದ್ದ ಮರಾಠವಾಡವೂ ನಮ್ಮ ಕಲಬುರಗಿ, ಬೀದರ, ರಾಯಚೂರು ಸೀಮೆಗಳೂ 1956ರ ನವೆಂಬರಿನಲ್ಲಿ ತಮ್ಮ ತಮ್ಮ ಭಾಷೆಯವರಿದ್ದ ಪ್ರಾಂತಗಳನ್ನು ಸೇರಿಕೊಂಡುವಷ್ಟೆ. ಅದೇ ವರ್ಷ, 2023ರಿಂದೀಚೆಗೆ ಛತ್ರಪತಿ ಸಂಭಾಜಿನಗರವೆನಿಸಿಕೊಂಡಿರುವ ಔರಂಗಾಬಾದಿನಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾಯಿತು. ಅದರ ಆಸ್ಪತ್ರೆಯನ್ನು ಅಲ್ಲಿಯ ಜನರು ‘ಘಾಟಿ’ ಎಂದೇ ಕರೆಯುವರು. 1998ರಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ನಾಸಿಕದಲ್ಲಿ ಉದಯಿಸಿದ ಮೇಲೆ, ರಾಜ್ಯದ ಇತರ ವೈದ್ಯವಿದ್ಯಾಲಯಗಳಂತೆ ಇದೂ ಅದರ ಆಶ್ರಯಕ್ಕೆ ಬಂದಿತು. ಕರ್ಣಾಟಕದಲ್ಲಿ ಇಂಥದೇ ವ್ಯವಸ್ಥೆ ಎರಡು ವರ್ಷ ಮೊದಲೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ರೂಪದಲ್ಲಿ ಮೈದಳೆದಿತ್ತು.

ಘಾಟಿಯಲ್ಲಿರುವಂತೆ ವಿದ್ಯಾದಾನವೂ ಚಿಕಿತ್ಸೆಯೂ ಒಂದೇ ಆವರಣದಲ್ಲಿ ನಡೆಯುವಲ್ಲಿ ಸಂಶೋಧನೆ ಬೆಳೆಯುವುದು ಸಹಜ. ಆದರೆ ಅದಕ್ಕೆ ಒಳಗಾಗುವವನ ಸಮ್ಮತಿಯ ಪ್ರಶ್ನೆ ಈ ಸಂಸ್ಥೆಗಳಿಗಿಂತ ಹಳೆಯದು. 1897ರ ಜನವರಿಯಲ್ಲಿ ಜೀವಾಣುವಿಜ್ಞಾನಿ ಹಾಫ್‌ಕಿನ್ ಮಹಾಶಯನು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು, ತರುವಾಯ ಬೈಕುಲಾ ಸೆರೆಮನೆಯಲ್ಲಿ ತಾವಾಗಿ ಮುಂದೆ ಬಂದ ಕೈದಿಗಳ ಮೇಲೆ ಪರೀಕ್ಷಿಸಿದನು. ಅವರು ಒಪ್ಪಿದ್ದರು, ದಿಟ. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವತಂತ್ರವೆಂಬ ಜಿಜ್ಞಾಸೆಗೆ, ಮನುಷ್ಯರ ಮೇಲಿನ ಪ್ರಯೋಗಗಳ ನೀತಿಯನ್ನು ಹೇಳುವ 1947ರ ನ್ಯೂರೆಂಬರ್ಗ್ ಸಂಹಿತೆಯೂ 1964ರ ಹೆಲ್ಸಿಂಕಿ ಘೋಷಣೆಯೂ ಬರಬೇಕಾಯಿತು.

ನಮ್ಮ ದೇಶದಲ್ಲಿ 2009ರಿಂದ ಔಷಧಪ್ರಯೋಗಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. ಈ ಪ್ರಯೋಗಗಳನ್ನು ಕುರಿತ 2019ರ ನಿಯಮಾವಳಿಯು ಶೈಕ್ಷಣಿಕ ಪ್ರಯೋಗವನ್ನು ಪ್ರತ್ಯೇಕವಾಗಿ ಗುರುತಿಸಿತು: ಈಗಾಗಲೇ ಬಳಕೆಯಲ್ಲಿರುವ ಔಷಧವನ್ನು, ವ್ಯಾಪಾರದ ಉದ್ದೇಶವಿಲ್ಲದೆ, ಬೇರೊಂದು ರೋಗಕ್ಕೋ ಬೇರೊಂದು ಪ್ರಮಾಣದಲ್ಲೋ ಪರೀಕ್ಷಿಸುವುದಾದರೆ ಸಾಮಾನ್ಯವಾಗಿ ನೈತಿಕ ಸಮಿತಿಯ ಅನುಮೋದನೆಯೇ ಸಾಕು. ಏಳು ಮಂದಿಗೆ ಕಡಮೆಯಿಲ್ಲದ ಆ ಸಮಿತಿಯಲ್ಲಿ ಅರ್ಧದಷ್ಟು ಜನ ಸಂಸ್ಥೆಯ ಹೊರಗಿನವರಾಗಿದ್ದು, ಕಾನೂನು ಬಲ್ಲವರೊಬ್ಬರೂ ಸಾಮಾನ್ಯ ಗೃಹಸ್ಥರೊಬ್ಬರೂ ಇರತಕ್ಕದ್ದು.

ಭಾಗವಹಿಸಲಿಚ್ಛಿಸುವವನು ನೋಂದಣಿಯ ಸಂಖ್ಯೆಯನ್ನೂ ಸಮಿತಿಯ ಅನುಮೋದನೆಯನ್ನೂ ಮೊದಲು ವಿಚಾರಿಸಿ, ತನಗೆ ತಿಳಿಯುವ ಭಾಷೆಯಲ್ಲಿ ಬರೆದ ಸಮ್ಮತಿಪತ್ರವನ್ನು ಓದಿ, ಮನೆಯವರೊಡನೆ ಆಲೋಚಿಸಿ, ಆಮೇಲೆ ರುಜು ಹಾಕಿ ಅದರ ಪ್ರತಿಯನ್ನು ಪಡೆದುಕೊಳ್ಳಬೇಕು. ಓದುಬಾರದವನಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರಿನಲ್ಲಿ ಎಲ್ಲವನ್ನೂ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸತಕ್ಕದ್ದು. ಪ್ರಯೋಗದಿಂದ ಹಾನಿಯುಂಟಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ ಅವನು ಹಕ್ಕುದಾರನು. ನಡುವೆ ಬಿಟ್ಟುಹೋಗಲು ಕಾರಣ ಹೇಳಬೇಕಾಗಿಯೂ ಇಲ್ಲ.

ಕೇಸ್ ಪೇಪರ್ ಹಿಡಿದು ಸರದಿಯಲ್ಲಿ ನಿಂತ ಬಡವನಿಗೆ, ತನ್ನ ಜ್ವರವನ್ನು ಇಳಿಸಬೇಕಾದ ವೈದ್ಯನೇ ಪ್ರಯೋಗಕ್ಕೂ ಕರೆದಾಗ, ಒಲ್ಲೆನೆನ್ನುವುದು ಸುಲಭವಲ್ಲ. ಆದುದರಿಂದ ಕಡತದಲ್ಲಿರುವ ರುಜುಗಳನ್ನು ಮಾತ್ರ ಎಣಿಸಿದರೆ ಸಾಲದು; ಒಲ್ಲೆನೆಂದವನಿಗೂ ಅದೇ ಔಷಧದ ಕಟ್ಟೆಯಲ್ಲಿ ಅದೇ ಗುಳಿಗೆ, ಅದೇ ಆದರದಿಂದ ದೊರೆಯುವುದೇ ಎಂದು ನೋಡಬೇಕು.