ಒಂದು ಬಲ್ಬಿನಿಂದ ಬೆಳಕಿನ ಪಟ್ಟಿಯವರೆಗೆ



ಕ್ರಿಸ್ತಜಯಂತಿ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ನಕ್ಷತ್ರ ತೂಗುತ್ತದೆ, ಗೋದಲಿ ಸಿದ್ಧವಾಗುತ್ತದೆ. ಈಗ ಅವುಗಳ ಜೊತೆಗೆ ಎಲ್‌ಇಡಿ ಸ್ಟ್ರಿಪ್ ಕೂಡ ಬಂದು ಸೇರಿದೆ. ಟೇಪಿನಂತೆ ಸುತ್ತಿಟ್ಟ ಬೆಳಕಿನ ಪಟ್ಟಿಯನ್ನು ತಂದು, ಹಿಂಬದಿಯ ಕಾಗದ ಕಿತ್ತು ಅಂಟಿಸಿದರೆ ಮನೆಯೆಲ್ಲ ಬೆಳಗುತ್ತದೆ. ಇಷ್ಟು ಸುಲಭವಾಗಿ ಸಿಗುವ ಈ ಬೆಳಕು ನಮ್ಮ ಬಾಗಿಲಿಗೆ ಬರಲು ಎಷ್ಟು ಕಾಲ ಹಿಡಿಯಿತು ಎಂದು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯನ್ನೇ ತೆಗೆದುಕೊಳ್ಳೋಣ. ಕುಂಟೆ ಎಂದರೆ ಸಣ್ಣ ಕೆರೆ. ಇಂದು ಆ ಹೆಸರು ಹೇಳಿದರೆ ಕೈಗಾರಿಕಾ ಪ್ರದೇಶ ನೆನಪಿಗೆ ಬರುತ್ತದೆ. 2007ರಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗುವವರೆಗೆ ಈ ಊರು ಕೋಲಾರ ಜಿಲ್ಲೆಗೆ ಸೇರಿತ್ತು. ನಮ್ಮ ನಾಡಿನ ವಿದ್ಯುತ್ತಿನ ಕಥೆ ಶುರುವಾಗುವುದು ಅದೇ ಕೋಲಾರ ಜಿಲ್ಲೆಯಿಂದ.

1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಹುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಕೆಲಸ ಅದು. ಆದರೆ 1901ರಲ್ಲೇ ತೀರಿಕೊಂಡ ಅವರು ಅದನ್ನು ಕಾಣಲಿಲ್ಲ. ಆ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಆದರೆ ಅದು ಬಂದದ್ದು ಗಣಿಯ ಯಂತ್ರಗಳನ್ನು ತಿರುಗಿಸಲು, ಬಡವರ ಮನೆಗೆ ದೀಪ ಹಚ್ಚಲು ಅಲ್ಲ. ದಾರಿಯುದ್ದಕ್ಕೂ ತಂತಿ ಹಳ್ಳಿಗರ ತಲೆಯ ಮೇಲೆ ಹಾದುಹೋಯಿತು, ಕೆಳಗಿನ ಗುಡಿಸಲುಗಳಲ್ಲಿ ಕತ್ತಲೆ ಹಾಗೆಯೇ ಉಳಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು. ಬೇಸಿಗೆಯಲ್ಲಿ ನದಿ ಸೊರಗಿದರೂ ಶಿವನಸಮುದ್ರಕ್ಕೆ ನೀರು ಸಿಗಲಿ ಎಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಕಾರಣ. ಆ ಕೆಲಸದ ಮುಂದಾಳು ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರು.

ಗಣಿಗೆ ಬಂದ ಬೆಳಕು ಹಳ್ಳಿಗೆ ಏಕೆ ಬರಲಿಲ್ಲ? ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳಿಗೆ ಬಹಳ ಹಣ ಬೇಕು. ಗಣಿ ಹಗಲಿರುಳು ವಿದ್ಯುತ್ತು ಕೊಳ್ಳುತ್ತದೆ. ಹಳ್ಳಿಯ ಮನೆ ಸಂಜೆ ನಾಲ್ಕು ಗಂಟೆ ಕಾಲ ಒಂದು ದೀಪ ಉರಿಸುತ್ತದೆ. ಆದಾಯದ ಲೆಕ್ಕದಲ್ಲಿ ಹಳ್ಳಿ ಯಾವಾಗಲೂ ಕೊನೆಯ ಸಾಲಿನಲ್ಲಿ ಉಳಿಯಿತು. ಬಯಲುಸೀಮೆಯ ನಮ್ಮ ಹಿರಿಯರು ಹೊಂಗೆ ಎಣ್ಣೆ, ಹರಳೆಣ್ಣೆಯ ಹಣತೆಯಲ್ಲೇ ಕಾಲ ಕಳೆದರು. ಆಮೇಲೆ ಸೀಮೆಎಣ್ಣೆ ಬುಡ್ಡಿ, ಲಾಟೀನು ಬಂದವು. ಬುಡ್ಡಿಯ ಹೊಗೆಯಲ್ಲಿ ಓದಿದ ಮಕ್ಕಳು, ಬೆಳಿಗ್ಗೆ ಎದ್ದು ಲಾಟೀನಿನ ಗಾಜು ಒರೆಸುತ್ತಿದ್ದ ತಾಯಂದಿರು ನಮ್ಮ ಕುಟುಂಬಗಳಲ್ಲೇ ಇದ್ದಾರೆ.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿದ ಮೇಲೆ ಕಂಬಗಳು ಹಳ್ಳಿ ಹಳ್ಳಿಗೆ ನಡೆದವು. ಕಂಬ ಊರಿಗೆ ಬಂದರೂ ಎಲ್ಲರ ಮನೆಗೆ ಬೆಳಕು ಬರಲಿಲ್ಲ. ಠೇವಣಿ ಕಟ್ಟಲು, ವೈರಿಂಗ್ ಮಾಡಿಸಲು ಬಡವರಲ್ಲಿ ಹಣ ಎಲ್ಲಿತ್ತು? ಅಂಥವರಿಗಾಗಿ 1979–80ರಲ್ಲಿ ಕರ್ನಾಟಕ ಸರ್ಕಾರ ಭಾಗ್ಯಜ್ಯೋತಿ ಯೋಜನೆ ತಂದಿತು. ಮನೆಗೆ ಒಂದೇ ದೀಪ, ಅದೂ 40 ವ್ಯಾಟ್ ಮೀರಬಾರದು. ಅಡುಗೆಯೂ ಓದೂ ಪ್ರಾರ್ಥನೆಯೂ ಆ ಒಂದೇ ಬಲ್ಬಿನ ಕೆಳಗೆ ನಡೆಯುತ್ತಿತ್ತು. ಚಿನ್ನದ ಗಣಿಯಿಂದ ಈ ಒಂದು ಬಲ್ಬಿಗೆ ಬರಲು ವಿದ್ಯುತ್ತಿಗೆ ಮುಕ್ಕಾಲು ಶತಮಾನ ಬೇಕಾಯಿತು.

ಇನ್ನು ಬಲ್ಬಿನ ಮಾತು. ಹಳೆಯ ತಂತಿಯ ಬಲ್ಬು ನುಂಗಿದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಹೊರಹಾಕುತ್ತಿತ್ತು. ಎಲ್‌ಇಡಿ ಹಾಗಲ್ಲ, ಅದರ ಅರೆವಾಹಕದ ಪುಟ್ಟ ಹರಳು ವಿದ್ಯುತ್ತಿನಿಂದ ನೇರವಾಗಿ ಬೆಳಕು ಕೊಡುತ್ತದೆ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿ ಮಾಡಿದರು. ಪ್ರಖರವಾದ ನೀಲಿಗಾಗಿ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ನೀಲಿ ಸಿಕ್ಕ ಮೇಲೆ, ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪ ಹಚ್ಚಿ ಬಿಳಿ ಬೆಳಕು ಪಡೆದರು. ಈ ನೀಲಿಗಾಗಿ ಜಪಾನಿನಲ್ಲಿ ಹುಟ್ಟಿದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರ ನೊಬೆಲ್ ಬಂತು. 2015ರಲ್ಲಿ ಭಾರತ ಸರ್ಕಾರದ ಉಜಾಲ ಯೋಜನೆ ಶುರುವಾಗಿ 9 ವ್ಯಾಟಿನ ಬಲ್ಬು ಕಡಿಮೆ ಬೆಲೆಗೆ ಮನೆಮನೆಗೆ ತಲುಪಿತು.

ಈಗ ಪಟ್ಟಿಯ ಲೆಕ್ಕ ನೋಡೋಣ. ಮೀಟರಿಗೆ 60 ದೀಪಗಳಿರುವ ಸಾಮಾನ್ಯ 12 ವೋಲ್ಟ್ ಪಟ್ಟಿ ಮೀಟರಿಗೆ ಸುಮಾರು 5 ವ್ಯಾಟ್ ಬಳಸುತ್ತದೆ. ಐದು ಮೀಟರಿನ ಇಡೀ ಸುರುಳಿಗೆ ಸುಮಾರು 25 ವ್ಯಾಟ್. ಭಾಗ್ಯಜ್ಯೋತಿಯ ಆ ಒಂದು ಬಲ್ಬಿಗಿಂತಲೂ ಕಡಿಮೆ! ಇದನ್ನು ಹಾಕುವಾಗ ಕೆಲವು ಎಚ್ಚರಿಕೆಗಳು ಬೇಕು. 25 ವ್ಯಾಟ್ ಪಟ್ಟಿಗೆ ಸರಿಯಾಗಿ 25 ವ್ಯಾಟಿನ ಅಡಾಪ್ಟರ್ ಸಾಲದು. 12 ವೋಲ್ಟ್, 3 ಆಂಪಿಯರ್, ಅಂದರೆ 36 ವ್ಯಾಟಿನದು ಇರಲಿ. ಅದನ್ನು ಬಟ್ಟೆ, ಹತ್ತಿಯಿಂದ ಮುಚ್ಚದೆ ಗಾಳಿಯಾಡುವಲ್ಲಿ ಇಡಬೇಕು. ಪಟ್ಟಿಯನ್ನು ಗುರುತು ಹಾಕಿದ ಗೆರೆಯ ಮೇಲೆಯೇ ಕತ್ತರಿಸಬೇಕು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಬೇಕು; ಅದಲುಬದಲಾದರೆ ಉರಿಯುವುದಿಲ್ಲ. ಐದು ಮೀಟರಿಗಿಂತ ಉದ್ದ ಜೋಡಿಸಿದರೆ ತುದಿ ಮಂಕಾಗುತ್ತದೆ. ಮುಂದಿನ ಸುರುಳಿಗೆ ಬೇರೆ ವೈರು ಎಳೆಯುವುದು ಒಳ್ಳೆಯದು. ಸುಣ್ಣದ ಗೋಡೆಗೆ ಅಂಟು ನಿಲ್ಲದು. ಅಲ್ಯೂಮಿನಿಯಂ ಪಟ್ಟಿಯನ್ನು ಸ್ಕ್ರೂ ಮಾಡಿ ಅದರೊಳಗೆ ಕೂರಿಸಿದರೆ ಬಿಸಿಯೂ ಇಳಿಯುತ್ತದೆ, ಬಾಳಿಕೆಯೂ ಬರುತ್ತದೆ. ನೇರವಾಗಿ 230 ವೋಲ್ಟಿನಲ್ಲಿ ಉರಿಯುವ ಪಟ್ಟಿಗಳೂ ಇವೆ. ಅವು ಮಕ್ಕಳ ಕೈಗೆ ಎಟುಕಬಾರದು. 230 ವೋಲ್ಟಿನ ಕೆಲಸವನ್ನು ಬಲ್ಲ ಎಲೆಕ್ಟ್ರೀಷಿಯನ್‌ಗೇ ಬಿಡೋಣ.

ಗೋದಲಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಗೋದಲಿ ಏರ್ಪಡಿಸಿದಾಗ ಬೆಳಕಿಗೆ ಇದ್ದದ್ದು ಪಂಜು, ಮೇಣದಬತ್ತಿ. ಕ್ರಿಸ್ಮಸ್ ಮರಕ್ಕೆ ಮೊದಲು ವಿದ್ಯುತ್ ದೀಪ ಹಾಕಿದವರು ನ್ಯೂಯಾರ್ಕಿನ ಎಡ್ವರ್ಡ್ ಜಾನ್ಸನ್; 1882ರಲ್ಲಿ, 80 ಬಣ್ಣದ ಬಲ್ಬುಗಳಿಂದ. ಒಣ ಹುಲ್ಲಿನ ನಡುವೆ ಬಿಸಿ ಬಲ್ಬು ಇಡುವ ಭಯ ಈಗ ಕಡಿಮೆಯಾಗಿದೆ. ಆದರೂ ಅಡಾಪ್ಟರ್ ಮತ್ತು ವೈರಿನ ಗಂಟುಗಳನ್ನು ಹುಲ್ಲಿನಿಂದ ದೂರ ಇಟ್ಟು, ಮಲಗುವ ಮುನ್ನ ಸ್ವಿಚ್ ಆರಿಸೋಣ.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲಿನ ಚಿಂತೆ ಹಲವು ಮನೆಗಳಲ್ಲಿ ಇಳಿಯಿತು. ಬಿಲ್ಲು ಬರುವುದಿಲ್ಲವೆಂದು ಹಗಲಲ್ಲೂ ಬೆಳಗಿಸುವುದು ತರವೇ? ಮೊದಲ ಪಟ್ಟಿಯನ್ನು ಅಲಂಕಾರಕ್ಕಿಂತ ಮುಂಚೆ ಅಗತ್ಯವಿರುವಲ್ಲಿ ಹಾಕೋಣ: ಅಜ್ಜಿ ರಾತ್ರಿ ಎದ್ದು ನಡೆಯುವ ದಾರಿಗೆ, ಮೆಟ್ಟಿಲಿಗೆ, ತಾಯಿ ತರಕಾರಿ ಹೆಚ್ಚುವ ಕಟ್ಟೆಯ ಮೇಲೆ. ಬೀದಿಯಲ್ಲಿ ಇನ್ನೂ ಮಂಕು ದೀಪದಡಿ ಓದುವ ಮಗುವಿದ್ದರೆ ಒಂದು ಬಲ್ಬು ಕೊಂಡುಕೊಡಲು ನಮಗೆ ಎಷ್ಟು ಖರ್ಚಾದೀತು? ಬೆಳಕು ಒಂದು ಕಾಲದಲ್ಲಿ ನಮ್ಮ ಹಿರಿಯರ ತಲೆಯ ಮೇಲೆ ಹಾದುಹೋಯಿತು. ನಮ್ಮ ಮನೆಯ ಬೆಳಕು ನೆರೆಯವರ ತಲೆಯ ಮೇಲೆ ಹಾಗೆ ಹಾದುಹೋಗದಿರಲಿ.