ಆನೆ ಕೊಟ್ಟು ಕುದುರೆ ಪಡೆದ ಲೆಕ್ಕ

ಚದುರಂಗದಲ್ಲಿ ಆನೆಯಂಥ ದೊಡ್ಡ ಕಾಯಿಯನ್ನು ಬೇಕೆಂದೇ ಬಲಿಕೊಟ್ಟವನು ಜಾಣನೋ ಹುಚ್ಚನೋ? ಕೊಟ್ಟ ಗಳಿಗೆಯಲ್ಲಿ ತಿಳಿಯುವುದಿಲ್ಲ, ಕೊನೆಯಾಟದಲ್ಲಿ ತಿಳಿಯುತ್ತದೆ. ಆ ಕೊನೆಯಾಟ ಯಾವ ನಿಯಮದ್ದು ಎಂಬುದನ್ನೂ ನೋಡಬೇಕು. ಇದನ್ನು ನಾನು ಕಲಿತದ್ದು ಮಕ್ತಲ್‌ನ ನಮ್ಮ ಮನೆಯ ಕಟ್ಟೆಯ ಮೇಲೆ, ಅಜ್ಜನ ಮನಸ್ಸು ನೋಯಿಸಿ.

ಅಜ್ಜ ಗದ್ವಾಲದವ. 1956ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು; ಅವ ಆಟ ಕಲಿತದ್ದು ಆ ಕಾಲದಾಗ, ಅರಿವೆಯ ಹಾಸಿನ ಮ್ಯಾಲೆ. ನಾನು ನಾರಾಯಣಪೇಟೆಯಲ್ಲಿ ಓದುವಾಗ ಪುಸ್ತಕ ನೋಡಿ ಕಲಿತವ.

ಅಂದು ನನ್ನ ಕಡೆ ರಾಜ, ಆನೆ ಮತ್ತು ಒಂದು ಕಾಲಾಳು ಉಳಿದಿದ್ದವು. ಕಾಲಾಳು ಕುದುರೆಯ ಸಾಲಿನಲ್ಲಿತ್ತು, ಕೊನೆಯ ಮನೆಗೆ ಒಂದೇ ಹೆಜ್ಜೆ. ಅಜ್ಜನ ಕಡೆ ರಾಜ, ಕುದುರೆ, ಒಂದು ಕಾಲಾಳು. ಅವನ ಕುದುರೆ ಆ ಕೊನೆಯ ಮನೆಯನ್ನು ಕಾಯುತ್ತಿತ್ತು. ನಾನು ಆನೆಯಿಂದ ಕುದುರೆ ಹೊಡೆದೆ. ಅವನ ರಾಜ ನನ್ನ ಆನೆ ಹೊಡೆದ. ಕಾಲಾಳನ್ನು ಮುಂದಿಟ್ಟು "ಮಂತ್ರಿ!" ಎಂದೆ.

"ಮಂತ್ರಿ ಎಲ್ಲಿದು, ತಮ್ಮಾ? ಕುದುರಿ ಮನಿಗೆ ಹೋದದ್ದು ಕುದುರಿನೇ ಆಗ್ತದ" ಅಂದ ಅಜ್ಜ.

"ನಿನ್ನ ಆಟನೇ ತಪ್ಪು, ಅಜ್ಜಾ" ಎಂದು ಕಾಯಿ ಕೆಡವಿ ಎದ್ದೆ. ಅವ ಒಂದೊಂದೇ ಕಾಯಿ ಆರಿಸಿಕೊಂಡು ಹಾಸು ಮಡಚಿದ. ಆಮೇಲೆ ನನ್ನ ಜೋಡಿ ಆಡಲು ಕೂಡಲೇ ಇಲ್ಲ.

ಈಗ ಲೆಕ್ಕ ಮಾಡೋಣ. ನನ್ನ ನಿಯಮದಂತೆ ಮಂತ್ರಿ ಬಂದರೆ ಗೆಲುವು ಖಚಿತ. ಅಜ್ಜನ ನಿಯಮದಂತೆ ಕುದುರೆ ಬಂದರೆ, ಅವನ ಕಾಲಾಳನ್ನು ಹೊಡೆದರೂ, ರಾಜ ಮತ್ತು ಒಂದೇ ಕುದುರೆ ಸೇರಿ ಒಂಟಿ ರಾಜನನ್ನು ಮಾತ್ ಮಾಡಲಾರವು. ಆನೆ ದಂಡ! ಅದೇ ಕಾಲಾಳು ಪಕ್ಕದ ಆನೆಯ ಸಾಲಿನಲ್ಲಿದ್ದರೆ ಕೊಟ್ಟ ಆನೆ ಮರಳಿ ಬರುತ್ತಿತ್ತು. ರಾಜ ಮತ್ತು ಆನೆ ಸೇರಿದರೆ ಗೆಲುವು ಉಂಟು.

ಅಜ್ಜ ಹೇಳಿದ್ದು ಕಟ್ಟುಕತೆಯಲ್ಲ. ಕಾಲಾಳು ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿ ಆಗುವುದು ಭಾರತದ ಹಳೆಯ ಪದ್ಧತಿ. ಇಂದಿನ ಬಲಾಢ್ಯ ಮಂತ್ರಿ ಹುಟ್ಟಿದ್ದೇ 15ನೆಯ ಶತಮಾನದ ಕೊನೆಗೆ, ಯುರೋಪಿನಲ್ಲಿ. ಅದಕ್ಕೂ ಮೊದಲಿನ ಶತರಂಜಿನಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ.

ಆ ಶತರಂಜಿನದೇ ಒಂದು ಕಥೆ ಇದೆ. ಸೋಲುತ್ತಿದ್ದ ಗಂಡ ಹೆಂಡತಿ ದಿಲಾರಾಮಳನ್ನೇ ಪಣಕ್ಕಿಟ್ಟ. ಎರಡೂ ಆನೆ ಕೊಡು, ನನ್ನನ್ನು ಉಳಿಸು ಎಂದು ಅವಳು ಸೂಚಿಸಿದಳು. ಅವನು ಹಾಗೇ ಗೆದ್ದ. ಆದರೆ ಅದರಲ್ಲಿ ಇಂದಿನ ಒಂಟೆಯ ಜಾಗದ ಕಾಯಿ ನಡುವಿನ ಕುದುರೆಯನ್ನು ಹಾರಿ ಹೋಗಬೇಕು. ಇಂದಿನ ಒಂಟೆ ಹಾರುವುದಿಲ್ಲ, ಆ ದಾರಿ ಮುಚ್ಚಿತು. ಬಲಿ ಅದೇ, ಫಲ ಬೇರೆ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಹಳೆಯ ಭಾರತೀಯ ಪದ್ಧತಿಯಲ್ಲೇ ಪಳಗಿದವರು. ಹೊಸ ನಿಯಮ ಆಮೇಲೆ ಕಲಿತು 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಮರುವರ್ಷ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದರು. ಹಳೆಯ ಆಟ ಕಲಿತವರು ದಡ್ಡರಲ್ಲ ಎನ್ನಲು ಇನ್ನೇನು ಬೇಕು?

ನನ್ನ ಬಲಿ ತಪ್ಪಲ್ಲ, ಅಜ್ಜನ ನಿಯಮವೂ ತಪ್ಪಲ್ಲ. ಕೂಡುವ ಮೊದಲು ಕೇಳದಿದ್ದದ್ದು ತಪ್ಪು. ಅದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಅಜ್ಜ ಇರಲಿಲ್ಲ. ಈಗ ವಾಚನಾಲಯದಲ್ಲಿ ಹುಡುಗರು ಆಟಕ್ಕೆ ಕೂತರೆ ನಾನು ಮೊದಲು ಕೇಳುವುದು ಇಷ್ಟೇ: "ಕಾಲಾಳು ಮುಟ್ಟಿದರ ಏನಾಗ್ತದ, ಮಾತಾಡಿಕೊಂಡೀರೇನ್ರೋ?"